ಬುತ್ತಿ ಕಟ್ಟಿದ್ದು ಎಷ್ಟು ಗಂಟೆಗೆ?

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಿಂದು, ಒಲೆ ಹಚ್ಚಿ, ಕುಚ್ಚಲಕ್ಕಿ ಅನ್ನ ಬಸಿದು, ಸೌತೆಕಾಯಿ ಹುಳಿ ಮಾಡಿ, ಕಾಯಿ ಚಟ್ನಿ ಅರೆದು, ಎಲ್ಲವನ್ನೂ ನಾಲ್ಕಂತಸ್ತಿನ ಟಿಫಿನ್ ಕ್ಯಾರಿಯರಿಗೆ ತುಂಬಿ, ಅತ್ತೆಯ ಕೈಹಿಡಿದು ಮೊದಲ ಬಸ್ಸಿಗೆ ಹತ್ತಿಸಿಕೊಂಡು ಮಂಗಳೂರಿಗೆ ಹೊರಡುವ ಸೊಸೆಯನ್ನು ಕಂಡರೆ ಯಾರಿಗಾದರೂ ಮೆಚ್ಚುಗೆಯಾಗುತ್ತದೆ. ನನ್ನ ಚಿಕ್ಕಮ್ಮನ ಸೊಸೆ ಅಂಥ ಹುಡುಗಿ. ಹೋಟೆಲಿನ ಊಟ ಅತ್ತೆಯ ಹೊಟ್ಟೆಗೆ ಒಗ್ಗದು, ಅದರಲ್ಲೂ ಕ್ಯಾನ್ಸರಿನ ಔಷಧ ನಡೆಯುವಾಗ ಮನೆಯ ಅಡಿಗೆಯೇ ಆಗಬೇಕು ಎಂದು ಅವಳ ಹಟ.

ಸುಳ್ಯದ ಕಡೆಯಿಂದ ಮಂಗಳೂರಿಗೆ 80 ಕಿಲೋಮೀಟರಿಗೂ ಹೆಚ್ಚು ದಾರಿ. ಆಸ್ಪತ್ರೆ ಮುಟ್ಟಿ, ರಕ್ತಪರೀಕ್ಷೆ ಆಗಿ, ಡಾಕ್ಟರು ನೋಡಿ, ಕೀಮೋದ ಬಾಟಲಿ ಏರಿಸುವಾಗ ಹನ್ನೊಂದಾಯಿತು. ಒಂದೂಕಾಲಿಗೆ ಚಿಕ್ಕಮ್ಮನಿಗೆ ಸ್ವಲ್ಪ ಹಸಿವಾಯಿತೆಂದು ಹುಡುಗಿ ಬುತ್ತಿ ಬಿಚ್ಚಿದಳು. ಬಾಟಲಿ ನೋಡಲು ಬಂದ ಸಿಸ್ಟರ್ ಅಲ್ಲೇ ನಿಂತರು.

"ಅಕ್ಕ, ಈ ಬುತ್ತಿ ಕಟ್ಟಿದ್ದು ಎಷ್ಟು ಗಂಟೆಗೆ?"

"ಐದು ಗಂಟೆಗೆ ಸಿಸ್ಟರ್. ಎಲ್ಲ ಇವತ್ತಿನದ್ದೇ. ನಿನ್ನೆಯದ್ದು ಒಂದು ಸಾಸಿವೆ ಕಾಳೂ ಇಲ್ಲ."

"ಅಂದರೆ ಎಂಟು ಗಂಟೆಯ ಮೇಲಾಯಿತು. ಅಮ್ಮನಿಗೆ ಇದು ಬೇಡ. ಕೆಳಗೆ ಕ್ಯಾಂಟೀನಿನಲ್ಲಿ ಇಡ್ಲಿ ಬೇಯಿಸುತ್ತಿದ್ದಾರೆ. ಹಬೆ ಬರುವಂಥದ್ದು ಎರಡು ತನ್ನಿ, ಚಟ್ನಿ ತರಬೇಡಿ."

ಸೊಸೆಯ ಕಣ್ಣಲ್ಲಿ ನೀರು ಬಂತು. ಬರದೆ ಇರುತ್ತದೆಯೇ? ನನಗೂ ಒಂದು ಕ್ಷಣ ಆ ಸಿಸ್ಟರ್ ಮೇಲೆ ಸಿಟ್ಟೇ ಬಂತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಅವರ ಕೈಯಲ್ಲಿ ಚಿಕ್ಕಮ್ಮನ ಫೈಲಿತ್ತು. ಹಿಂದಿನ ಸಲ ಏನಾಗಿತ್ತೆಂಬುದನ್ನು ಅವರು ಓದಿದ್ದರು.

ನಾನು ಓದಿದ ಆ ಒಂದು ಸಾಲು

ಹಿಂದಿನ ಸಲ, ಎಂದರೆ ಎರಡನೆಯ ಕೀಮೋ, ಬೇರೊಂದು ಆಸ್ಪತ್ರೆಯಲ್ಲಿ ಆಗಿತ್ತು. ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು - ಶುಚಿಯಾದ ಆಹಾರ ಕೊಡಿ, ಸೋಂಕು ತಗಲದಂತೆ ನೋಡಿಕೊಳ್ಳಿ ಎಂದು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನು, ಓದಿ ಹೇಳಿದೆ. ಅರ್ಥ ಬಿಡಿಸಿ ಹೇಳುವ ಉತ್ಸಾಹದಲ್ಲಿ "ಮಡಿಯಲ್ಲಿ ಅಡಿಗೆ ಮಾಡಿ ಬಡಿಸಬೇಕಂತೆ" ಎಂದುಬಿಟ್ಟೆ.

ಹಾಗೆಯೇ ಮಾಡಿದರು. ಮಿಂದು ಬಂದೇ ಅಡಿಗೆ. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಒಂಬತ್ತನೆಯ ದಿನ ಚಿಕ್ಕಮ್ಮನಿಗೆ ಬಾಯಿ ಹುಣ್ಣು, ಮೈಯೆಲ್ಲ ಉರಿ. ಔಷಧದ ಉಷ್ಣ, ತಂಪು ಆಗಬೇಕು ಎಂದು ಎಲ್ಲರಿಗೂ ಅನ್ನಿಸಿತು. ನಮ್ಮ ಕಡೆ ತಂಪು ಎಂದರೆ ಮೊದಲು ನೆನಪಾಗುವುದು ಒಂದೆಲಗ, ತುಳುವಿನಲ್ಲಿ ತಿಮರೆ. ತೋಟದ ಕಣಿಯ ಬದಿಯಿಂದ ಒಂದು ಹಿಡಿ ಕಿತ್ತು ತಂದು, ಒಂದು ಸಲ ನೀರಿನಲ್ಲಿ ಅದ್ದಿ, ಹಸಿಯಾಗಿಯೇ ಕಾಯಿಯೊಡನೆ ಅರೆದು ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದರು. ಮಧ್ಯಾಹ್ನ ಉಂಡರು. ಉಳಿದದ್ದನ್ನು ರಾತ್ರಿ ತಣ್ಣನೆಯ ಗಂಜಿಗೆ ಹಾಕಿಕೊಂಡು ಉಂಡರು. "ಎಷ್ಟು ದಿವಸದ ಮೇಲೆ ಬಾಯಿಗೆ ರುಚಿ ಸಿಕ್ಕಿತು ಮಾರಾಯ್ತಿ" ಎಂದು ನನಗೆ ಫೋನಿನಲ್ಲಿ ಹೇಳಿದರು. ನನಗೂ ಸಂತೋಷವಾಯಿತು.

ಮರುದಿನ ರಾತ್ರಿ ವಾಂತಿ, ಭೇದಿ. ಜ್ವರ 101 ಡಿಗ್ರಿ. ಮನೆಯಲ್ಲಿದ್ದ ಜ್ವರದ ಮಾತ್ರೆ ಕೊಟ್ಟರು, ಜ್ವರ ಇಳಿಯಿತು, ಎಲ್ಲರೂ ಮಲಗಿದರು. ಅದರ ಮರುದಿನ ಮಧ್ಯಾಹ್ನ ಹಲ್ಲು ಕಟಕಟ ಎನ್ನುವ ನಡುಕ. ಜುಲೈ ತಿಂಗಳ ಮಳೆ, ರಸ್ತೆಗೆ ಅಡ್ಡ ಬಿದ್ದ ಮರ, ಜೀಪಿನಲ್ಲಿ ಕಂಬಳಿ ಹೊದೆಸಿ ಕೂರಿಸಿಕೊಂಡು ಆಸ್ಪತ್ರೆ ಮುಟ್ಟುವಾಗ ರಾತ್ರಿಯಾಗಿತ್ತು. ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಕಣ ಬರೇ 300 ಇತ್ತು. ಒಂಬತ್ತು ದಿನ ಆ್ಯಂಟಿಬಯೋಟಿಕ್ ಹನಿ. ಮುಂದಿನ ಕೀಮೋ ಮೂರು ವಾರ ಹಿಂದೆ ಬಿತ್ತು. ಖರ್ಚಿನ ಮಾತು ಬೇಡ.

ಆ ತಂಬುಳಿಯಿಂದಲೇ ಆಯಿತೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಇಂಥ ಜ್ವರ ಎಷ್ಟೋ ಸಲ ನಮ್ಮ ಕರುಳಿನಲ್ಲೇ ಇರುವ ರೋಗಾಣುಗಳಿಂದಲೂ ಬರುತ್ತದಂತೆ. ಆದರೂ ನಾನು "ಮಡಿ" ಎಂದು ಹೇಳದೆ, ಯಾರಾದರೂ ಸರಿಯಾದ ಮಾತು ಹೇಳಿದ್ದರೆ ಆ ಎಲೆ ಹಸಿಯಾಗಿ ಒರಳಿಗೆ ಬೀಳುತ್ತಿರಲಿಲ್ಲ. ಆದ್ದರಿಂದ ಬುತ್ತಿಯ ಸಿಸ್ಟರ್ ಡ್ಯೂಟಿ ಮುಗಿಸಿ ಹೊರಟಾಗ ಅವರ ಹಿಂದೆಯೇ ಹೋಗಿ, ಒಂದು ಗಂಟೆ ಕೂರಿಸಿ ಕೇಳಿಕೊಂಡೆ. ಅವರು ಕಡಬದ ಕಡೆಯ ಮನೆಯವರೇ. "ಹೆಸರು ಹಾಕಬೇಡಿ ಅಕ್ಕ, ನಾನು ಎಂತ ದೊಡ್ಡ ಜನ!" ಎಂದರು. ಆಮೇಲೂ ಎರಡು ಮೂರು ಸಲ ಸಿಕ್ಕಿದ್ದಾರೆ. ಕೆಳಗೆ ಬರೆದಿರುವುದರಲ್ಲಿ ಬಹುಪಾಲು ಅವರಿಂದ ಕಲಿತದ್ದು. ಉಳಿದದ್ದನ್ನು ಓದಿ ಸರಿನೋಡಿಕೊಂಡಿದ್ದೇನೆ.

ಏಳರಿಂದ ಹದಿನಾಲ್ಕರ ವರೆಗೆ

ಕೀಮೋದ ಔಷಧ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹಿಡಿದು ಹೊಡೆಯುತ್ತದೆ. ಕ್ಯಾನ್ಸರಿನ ಕೋಶ ಅಂಥದ್ದು. ನಮ್ಮ ಮೂಳೆಯ ಮಜ್ಜೆಯಲ್ಲಿ ದಿನವೂ ಹುಟ್ಟುವ ರಕ್ತಕಣಗಳು, ಬಾಯಿಯಿಂದ ಕರುಳಿನ ವರೆಗಿನ ಒಳಪದರ, ತಲೆಕೂದಲಿನ ಬುಡ - ಇವೂ ಅಂಥವೇ. ಅದಕ್ಕೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು. ಕಣ್ಣಿಗೆ ಕಾಣದೆ ಆಗುವುದು ಬಿಳಿರಕ್ತಕಣಗಳ ನಷ್ಟ. ರೋಗಾಣುಗಳನ್ನು ಮೊದಲು ತಡೆಯುವ ನ್ಯೂಟ್ರೋಫಿಲ್ ಕಣಗಳು ಆರೋಗ್ಯವಂತರಲ್ಲಿ ರಕ್ತದ ಒಂದು ಮೈಕ್ರೋಲೀಟರಿಗೆ 1500ಕ್ಕೆ ಕಡಿಮೆಯಿರುವುದಿಲ್ಲ. ಹೆಚ್ಚಿನ ಔಷಧಗಳಲ್ಲಿ, ಕೀಮೋ ಆದ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದ ಒಳಗೆ ಅವು ಎಲ್ಲಕ್ಕಿಂತ ಕೆಳಗೆ ಇಳಿಯುತ್ತವೆ. 500ಕ್ಕಿಂತ ಕೆಳಗೆ ಹೋದರೆ ಅಪಾಯ ದೊಡ್ಡದು.

ಆ ದಿನಗಳಲ್ಲಿ ರೋಗಿ ಎಲ್ಲಿರುತ್ತಾರೆ? ಮನೆಯಲ್ಲಿ! ಔಷಧ ಏರಿಸುವುದು ಒಂದು ಹಗಲು; ಸಂಜೆ ಮನೆಗೆ ಹೊರಟಾಯಿತು. ಪುತ್ತೂರು, ಸುಳ್ಯದವರಿಗೆ ಮಂಗಳೂರು ಹತ್ತಿರ. ಇನ್ನು ಕೆಲವರು 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆಂದು ಕಬಕ ಪುತ್ತೂರಿನಿಂದಲೋ ಸುಬ್ರಹ್ಮಣ್ಯ ರೋಡಿನಿಂದಲೋ ರಾತ್ರಿಯ ರೈಲು ಹತ್ತಿ ಘಟ್ಟ ಏರುತ್ತಾರೆ. ಸುಳ್ಯದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಪುತ್ತೂರಿನಲ್ಲಿ ತಾಲ್ಲೂಕು ಆಸ್ಪತ್ರೆಯಿದೆ, ಈಚೆಗೆ ತಾಲ್ಲೂಕಾದ ಕಡಬದಲ್ಲೂ ಸರಕಾರಿ ಆಸ್ಪತ್ರೆಯಿದೆ. ಆದರೆ ತೋಟದ ನಡುವಿನ ಮನೆಯಿಂದ ಟಾರು ರಸ್ತೆಗೆ ಬರುವುದೇ ಮಳೆಗಾಲದಲ್ಲಿ ಒಂದು ಸಾಹಸ. ಹಾಗಾಗಿ ಅಪಾಯದ ವಾರದ ಕಾವಲು ಅಡಿಗೆಮನೆಯವಳ ಪಾಲಿನದು. ಅವಳಿಗೆ ಮಾತು ಮುಟ್ಟಿಸುವವರು, ಬಿಡುಗಡೆಯ ಹೊತ್ತಿಗೆ ಐದು ನಿಮಿಷ ಸಿಕ್ಕುವ ಸಿಸ್ಟರ್ ಒಬ್ಬರೇ. ಡಾಕ್ಟರರನ್ನು ನಮ್ಮ ಹೆಂಗಸರು "ತಂಗಳನ್ನ ಕೊಡಬಹುದಾ" ಎಂದು ಕೇಳುವುದಿಲ್ಲ, ನಾಚಿಕೆ. ಸಿಸ್ಟರನ್ನು ಕೇಳುತ್ತಾರೆ.

ಹಾಗಾದರೆ ಸಿಸ್ಟರಿಗೆ ಎಷ್ಟು ಗೊತ್ತು? ಈ ಪ್ರಶ್ನೆಯನ್ನು ಸ್ವಲ್ಪ ಅಳುಕಿನಿಂದಲೇ ಕೇಳಿದೆ. ಅವರು ಬೇಸರಿಸಲಿಲ್ಲ.

"ನರ್ಸಿಂಗಿನಲ್ಲಿ ಪೌಷ್ಟಿಕ ಆಹಾರದ ಪಾಠ ಉಂಟು ಅಕ್ಕ. ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನು, ಡಯಾಬಿಟಿಸಿಗೆ ಯಾವ ಊಟ - ಎಲ್ಲ ಬಾಯಿಪಾಠ. ಅನ್ನ ಎಷ್ಟು ಹೊತ್ತು ಹೊರಗೆ ಇಡಬಹುದು ಎಂದು ಪರೀಕ್ಷೆಯಲ್ಲಿ ನನಗೆ ಯಾರೂ ಕೇಳಲಿಲ್ಲ. ಕ್ಯಾನ್ಸರ್ ವಾರ್ಡಿಗೆ ಹಾಕಿದ ಮೇಲೆ ಹಿರಿಯ ಸಿಸ್ಟರ್ ಹೇಳಿಕೊಟ್ಟದ್ದು ಒಂದೇ: ಹಸಿ ಎಂಬುದೆಲ್ಲ ಬಂದ್. ಹಣ್ಣು ಬಂದ್, ಕೋಸಂಬರಿ ಬಂದ್. ಅದನ್ನೇ ನಾನೂ ಐದು ವರ್ಷ ಗಿಳಿಯ ಹಾಗೆ ಹೇಳಿದೆ. ಜನ ಹಣ್ಣು ಬಿಟ್ಟರು, ತರಕಾರಿ ಬಿಟ್ಟರು, ಬೆಳಗ್ಗೆ ಮಾಡಿದ ಅನ್ನ ರಾತ್ರಿಗೆ ಉಂಡರು!"

ಬಂದ್ ಮಾಡಿದ್ದರಿಂದ ಲಾಭವೇ?

ಈ "ಹಸಿ ಬಂದ್" ಪಥ್ಯ ನಮ್ಮ ಊರಿನ ಮೂಢನಂಬಿಕೆಯಲ್ಲ. ಲೋಕದ ಎಷ್ಟೋ ದೊಡ್ಡ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ನಡೆದುಬಂದದ್ದು. ಅದರಿಂದ ನಿಜವಾಗಿ ಸೋಂಕು ಕಡಿಮೆಯಾಗುತ್ತದೆಯೇ ಎಂದು ಪರೀಕ್ಷಿಸಿ ನೋಡಿದ್ದು ತಡವಾಗಿ. ಅಮೆರಿಕದ ಹ್ಯೂಸ್ಟನ್ನಿನ ಎಂ. ಡಿ. ಆ್ಯಂಡರ್ಸನ್ ಕ್ಯಾನ್ಸರ್ ಸಂಸ್ಥೆಯವರು ರಕ್ತದ ಕ್ಯಾನ್ಸರಿನ 153 ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬರೇ ಬೇಯಿಸಿದ ಊಟ, ಇನ್ನೊಂದಕ್ಕೆ ಹಸಿ ಹಣ್ಣು ತರಕಾರಿಯನ್ನೂ ಸೇರಿಸಿದ ಊಟ ಕೊಟ್ಟು, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ದೊಡ್ಡ ಸೋಂಕು ಬಂದದ್ದು ಒಂದರಲ್ಲಿ ನೂರಕ್ಕೆ 29 ಮಂದಿಗೆ, ಇನ್ನೊಂದರಲ್ಲಿ 35 ಮಂದಿಗೆ. ಲೆಕ್ಕಶಾಸ್ತ್ರದ ಪ್ರಕಾರ ಅದು ವ್ಯತ್ಯಾಸವೇ ಅಲ್ಲ. ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲೂ ಹೆಚ್ಚುಕಡಿಮೆ ಇದೇ ಮಾತು ಬಂದಿದೆ. ಹಾಗಾಗಿ ಈಗ ಎಷ್ಟೋ ಕಡೆ ಒತ್ತು ಬಿದ್ದಿರುವುದು ಅಡಿಗೆ ಮಾಡುವ, ಇಡುವ, ಬಡಿಸುವ ರೀತಿಯ ಮೇಲೆ.

ಹಾಗೆಂದು ಕೂಡಲೇ ತಟ್ಟೆ ತುಂಬ ಸೌತೆಕಾಯಿ ಹೆಚ್ಚಿ ಕೊಡಬೇಡಿ. ಆ ಆಸ್ಪತ್ರೆಯ ಅಡಿಗೆಮನೆಯಲ್ಲಿ ತೊಳೆದ ಹಣ್ಣು ಬೇರೆ, ದನ ಓಡಾಡುವ ಕಣಿಯ ಬದಿಯಲ್ಲಿ ನೆಲಕ್ಕಂಟಿ ಬೆಳೆದ ಒಂದೆಲಗ ಬೇರೆ. ನಮ್ಮ ಸಿಸ್ಟರ್ ಈಗ ಹೇಳುವುದು ಹೀಗೆ: ಬಾಳೆಹಣ್ಣು, ಕಿತ್ತಳೆ, ಮೂಸಂಬಿಯಂಥ ದಪ್ಪ ಸಿಪ್ಪೆಯ, ಗಾಯವಿಲ್ಲದ ಇಡೀ ಹಣ್ಣನ್ನು ಹರಿಯುವ ನೀರಿನಲ್ಲಿ ತೊಳೆದು, ಕೈ ಸಾಬೂನಿನಿಂದ ತೊಳೆದುಕೊಂಡು, ಆಗಲೇ ಸುಲಿದು ಆಗಲೇ ತಿನ್ನಿಸಿ. ಹೆಚ್ಚಿಟ್ಟ ಹಣ್ಣು ಬೇಡ. ಸೊಪ್ಪನ್ನು ಬೇಯಿಸಿಯೇ ಕೊಡಿ. ಬಸಳೆ, ಹರಿವೆಗೆ ನಮ್ಮಲ್ಲಿ ಬರಗಾಲವೇ? ಉಪ್ಪುನೀರಿನಲ್ಲಿ, ಅರಸಿನದ ನೀರಿನಲ್ಲಿ ನೆನೆಸಿದರೆ ರೋಗಾಣು ಸತ್ತಿತೆಂದು ನಂಬಿ ಕೂರಬೇಡಿ. ಎಣಿಕೆ ತೀರ ಇಳಿದಾಗ ನಿಮ್ಮ ಡಾಕ್ಟರು ಇನ್ನೂ ಬಿಗಿ ಮಾಡಿದರೆ ಅವರ ಮಾತೇ ಕಡೆಯ ಮಾತು.

ಅನ್ನದೊಳಗಿನ ಬೀಜ

ಬುತ್ತಿಯ ವಿಷಯಕ್ಕೆ ಬರೋಣ. "ಅನ್ನ ಕುದಿದಿದೆಯಲ್ಲ ಸಿಸ್ಟರ್, ಕುದಿದ ಮೇಲೆ ಹುಳ ಎಲ್ಲಿಂದ?" ಎಂದು ನಾನೂ ವಾದಿಸಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಒಂದು ರೋಗಾಣು ಸಾಧಾರಣವಾಗಿ ಇರುತ್ತದಂತೆ. (ಹೆಸರು ಕೇಳಿ ನನಗೆ ನಗು ಬಂತು. ಸಿಸ್ಟರೂ ನಕ್ಕರು.) ಅದು ಗಟ್ಟಿ ಕವಚದ ಬೀಜದಂಥ ರೂಪ ತಾಳಿ ಕುದಿಯುವ ನೀರಿನಲ್ಲೂ ಬದುಕಿ ಉಳಿಯುತ್ತದೆ. ಅನ್ನ ಬೆಚ್ಚಗೆ ಮುಚ್ಚಿಟ್ಟಲ್ಲಿ ಮೊಳಕೆಯೊಡೆದು ಹೆಚ್ಚಿ ವಿಷ ಕಾರುತ್ತದೆ. ವಾಂತಿ ಬರಿಸುವ ಆ ವಿಷ, ಅನ್ನವನ್ನು ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅಂದರೆ "ಬಿಸಿ ಮಾಡಿ ಕೊಟ್ಟೆ" ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆ ಕಡಿಮೆ.

ರೋಗಾಣುಗಳು ಚೆನ್ನಾಗಿ ಬೆಳೆಯುವುದು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ನಮ್ಮ ಕರಾವಳಿಯ ಸೆಕೆಯಲ್ಲಿ, ಬಸ್ಸಿನ ಸೀಟಿನ ಅಡಿಯಲ್ಲಿ ಕುಳಿತ ಟಿಫಿನ್ ಕ್ಯಾರಿಯರು ಇದರ ನಟ್ಟನಡುವೆ ಇರುತ್ತದೆ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ, ಎಂದರೆ ಗಟ್ಟಿಮುಟ್ಟಾದವರಿಗೂ, ಹೇಳುವ ಮಾತು. ಹಸಿ ಕಾಯಿ ಹಾಕಿದ ಚಟ್ನಿ ಎಷ್ಟು ಬೇಗ ಹಳಸುತ್ತದೆಂಬುದನ್ನು ನಮ್ಮ ಮೂಗೇ ಬಲ್ಲದು. ಆದರೆ ಎಲ್ಲ ರೋಗಾಣುವೂ ವಾಸನೆ ಕೊಟ್ಟು ತಿಳಿಸುವುದಿಲ್ಲ.

ಸರಿ, ದೂರದ ದಾರಿಯವರು ಏನು ಮಾಡಬೇಕು? ಒಳ್ಳೆಯ ಥರ್ಮಾಸ್ ಒಂದಿದ್ದರೆ ಅದಕ್ಕೆ ಮೊದಲು ಕುದಿನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಕುದಿಯುತ್ತಿರುವ ಗಂಜಿಯನ್ನೇ ಅದಕ್ಕೆ ಹೊಯ್ದು ಬಿರಡೆ ಬಿಗಿಯಿರಿ. ಬಿಚ್ಚುವಾಗ ಹಬೆ ಏಳಬೇಕು, ನಾಲಗೆ ಸುಡುವಂತಿರಬೇಕು. ಉಗುರುಬೆಚ್ಚಗಾಗಿದ್ದರೆ ರೋಗಿಗೆ ಬೇಡ. ಇಲ್ಲವಾದರೆ ಚಪಾತಿ, ಬಿಸ್ಕತ್ತು, ಸುಲಿಯದ ಬಾಳೆಹಣ್ಣು ಕಟ್ಟಿಕೊಂಡು ಹೋಗಿ, ಬಿಸಿಯ ಊಟವನ್ನು ಅಲ್ಲೇ ಕಣ್ಣೆದುರು ಬೇಯಿಸಿದ್ದು ನೋಡಿ ಕೊಳ್ಳಿ. ಮನೆಯ ಎಂಟು ಗಂಟೆಯ ಅನ್ನಕ್ಕಿಂತ ಹಬೆಯಾಡುವ ಹೋಟೆಲಿನ ಇಡ್ಲಿ ಮೇಲು ಎಂಬ ಮಾತು ನಮಗೆ ನುಂಗಲು ಕಷ್ಟ. ಚಿಕ್ಕಮ್ಮನಿಗಂತೂ ಬಹಳ ಕಷ್ಟವಾಯಿತು.

"ಎಂತದ್ದು ಸಿಸ್ಟರ್, ನಾವು ತಂಗಳು ಉಂಡೇ ಇಷ್ಟು ಗಟ್ಟಿಯಾದವರು."

"ಹೌದಮ್ಮ, ಆಗ ನಿಮ್ಮ ರಕ್ತದಲ್ಲಿ ಕಾವಲುಗಾರರು ಇದ್ದರು. ಈಗ ಅವರು ರಜೆಯಲ್ಲಿ ಹೋಗಿದ್ದಾರೆ. ಬಂದ ಮೇಲೆ ತಂಗಳು ಉಣ್ಣುವ, ನಾನೂ ಬರ್ತೇನೆ."

ಹೀಗೆ ಹೇಳಿದರೆ ತಿಳಿಯುತ್ತದೆ. "ನ್ಯೂಟ್ರೋಪೀನಿಯಾ ಇದೆ, ಜಾಗ್ರತೆ" ಎಂದರೆ ಯಾರಿಗೆ ತಿಳಿಯಬೇಕು? ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಒಬ್ಬರ ಮನೆಮಾತು ತುಳು, ಒಬ್ಬರದು ಅರೆಭಾಷೆ, ಇನ್ನೊಬ್ಬರದು ಬ್ಯಾರಿ, ಮತ್ತೊಬ್ಬರದು ಹವ್ಯಕ ಕನ್ನಡ. ಸಿಸ್ಟರ್ ಎಷ್ಟೋ ಸಲ ಮಲಯಾಳದವರು. ಶುಚಿ ಎಂಬ ಒಂದು ಪದ ಇಷ್ಟು ಬಾಗಿಲು ದಾಟಿ ಬರುವಾಗ ನನ್ನ ಬಾಯಲ್ಲಿ ಮಡಿಯಾಯಿತು. ಮಡಿಯಲ್ಲಿ ಮಾಡಿದ ಅನ್ನ ಸಂಜೆಗೆ ಹಳಸುವುದಿಲ್ಲವೇ? ಒದ್ದೆ ಸೀರೆಯ ಸೆರಗಿಗೆ ಒರೆಸಿದ ಕೈ ಮಡಿಯ ಕೈ ಇರಬಹುದು, ಶುಚಿಯ ಕೈ ಹೌದೆಂದು ಹೇಳಲಾಗದು.

ಸುರಂಗದ ನೀರು, ಸುಬ್ರಹ್ಮಣ್ಯದ ಪ್ರಸಾದ

ನೀರಿನ ವಿಷಯದಲ್ಲಿ ನಮ್ಮವರಿಗೆ ಅಭಿಮಾನ ಹೆಚ್ಚು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ದಂಬೆಯಲ್ಲಿ ತಣ್ಣಗೆ ಇಳಿದು ಬರುವ ನೀರನ್ನು ಕುದಿಸಿ ಎಂದರೆ ಅವಮಾನವಾದಂತೆ. ಆದರೆ ಸುರಂಗದೊಳಗೆ ಬಾವಲಿ ಇರುವುದುಂಟು, ದಂಬೆಯಲ್ಲಿ ಪಾಚಿ ಕಟ್ಟುವುದುಂಟು, ಮಳೆಗಾಲದಲ್ಲಿ ಬಾವಿಗೆ ಕೆಂಪು ನೀರು ನುಗ್ಗುವುದನ್ನು ಎಲ್ಲರೂ ಕಂಡಿದ್ದೇವೆ. ಕುಡಿಯುವ ನೀರು ಗುಳುಗುಳು ಎಂದು ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಯಬೇಕು. ಜೀರಿಗೆ ಹಾಕಿ, ಲಾವಂಚದ ಬೇರು ಹಾಕಿ, ಅದು ನಿಮ್ಮಿಷ್ಟ; ಕುದಿಸುವ ಮೊದಲೇ ಹಾಕಿ. ಆಮೇಲೆ ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಬೇಕು.

ಇಲ್ಲಿ ಒಂದು ತಪ್ಪು ಎಲ್ಲ ಮನೆಯಲ್ಲೂ ಆಗುತ್ತದೆಂದು ಸಿಸ್ಟರ್ ಹೇಳಿದರು. ನಾನು ನನ್ನ ಮನೆಯಲ್ಲೇ ಎರಡು ದಿನ ಗಮನಿಸಿ ನೋಡಿದೆ, ನಿಜ. ಕುದಿಸಿದ ನೀರು ತುಂಬ ಬಿಸಿಯಾಯಿತೆಂದು ಅದಕ್ಕೆ ಅರ್ಧ ಲೋಟ ತಣ್ಣೀರು ಬೆರೆಸಿ ಕೊಡುವುದು! ಕುದಿಸಿದ ಶ್ರಮ, ಗ್ಯಾಸು ಎರಡೂ ನೀರುಪಾಲು. ಮಜ್ಜಿಗೆಗೆ ಬೆರೆಸುವ ನೀರು, ಪುನರ್ಪುಳಿ ಶರಬತ್ತಿನ ನೀರು, ಮಾತ್ರೆ ನುಂಗುವ ನೀರು, ಬಾಯಿ ಮುಕ್ಕಳಿಸುವ ನೀರು - ಇವೂ ಕುದಿಸಿ ಆರಿಸಿದ್ದೇ ಆಗಬೇಕು. ಎಳನೀರನ್ನು ತೊಳೆದ ಕತ್ತಿಯಿಂದ ಎದುರಲ್ಲೇ ಕೆತ್ತಿ ಆಗಲೇ ಕುಡಿಸಿದರೆ ಸರಿ; ಬೆಳಗ್ಗೆ ಬಾಟಲಿಗೆ ತುಂಬಿಟ್ಟದ್ದು ಬೇಡ.

ಹಾಲು ಮನೆಯ ದನದ್ದಾದರೂ ಉಕ್ಕುವ ವರೆಗೆ ಕಾಸಲೇಬೇಕು. ಮೊಸರಿನ ವಿಷಯದಲ್ಲಿ ಡಾಕ್ಟರರೊಳಗೇ ಒಂದೇ ಅಭಿಪ್ರಾಯವಿಲ್ಲ. ಎಣಿಕೆ ತೀರ ಇಳಿದ ದಿನಗಳಲ್ಲಿ, ಯಾವ ಕಾಲದಿಂದಲೋ ಮನೆಯಿಂದ ಮನೆಗೆ ದಾಟಿ ಬಂದ ಹೆಪ್ಪಿನ ಮೊಸರನ್ನು ನಮ್ಮ ಸಿಸ್ಟರ್ ಬೇಡವೆನ್ನುತ್ತಾರೆ. ಮೀನು, ಮೊಟ್ಟೆ, ಕೋಳಿ ತಿನ್ನುವವರು ತಿನ್ನಬಹುದು, ತಿನ್ನಲೂ ಬೇಕು, ಸೊರಗಿದ ಮೈಗೆ ಪ್ರೋಟೀನು ಅಗತ್ಯ. ಮೊಟ್ಟೆಯ ಹಳದಿ ಗಟ್ಟಿಯಾಗುವ ವರೆಗೆ, ಮೀನು ಮುಳ್ಳಿನ ವರೆಗೆ ಬೇಯಬೇಕು, ಮೀನು ಕತ್ತರಿಸಿದ ಮಣೆಯಲ್ಲಿ ತರಕಾರಿ ಹೆಚ್ಚಬಾರದು, ಅಷ್ಟೆ.

ಫ್ರಿಜ್ಜು ಇದೆಯಲ್ಲ ಎನ್ನುತ್ತೀರಾ? ಮಳೆಗಾಲದಲ್ಲಿ ನಮ್ಮ ಕಡೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ಬರುವುದು ಯಾವಾಗಲೋ! ಕರೆಂಟಿಲ್ಲದ ಫ್ರಿಜ್ಜು ಒಂದು ಕಪಾಟು. ಸಾಲದುದಕ್ಕೆ ಲಿಸ್ಟೀರಿಯಾ ಎಂಬ ರೋಗಾಣು ಫ್ರಿಜ್ಜಿನ ಚಳಿಯಲ್ಲೂ ನಿಧಾನವಾಗಿ ಬೆಳೆಯಬಲ್ಲದು.

ಇನ್ನು ನೆಂಟರು. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿ ಬಂದವರು ಪಂಚಾಮೃತ ತಂದಾಗ ಚಿಕ್ಕಮ್ಮ ಸಂಕಟಪಟ್ಟರು. ಬೇಡವೆಂದರೆ ದೇವರಿಗೆ, ತಂದವರಿಗೆ ಇಬ್ಬರಿಗೂ ಬೇಸರ. ಇದಕ್ಕೂ ಸಿಸ್ಟರಲ್ಲಿ ಉಪಾಯವಿತ್ತು: ಬೊಟ್ಟಿನಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಿ, ಗಂಧ ಹಣೆಗಿಟ್ಟುಕೊಳ್ಳಿ, ಪ್ರಸಾದ ಮನೆಯವರು ತಿನ್ನಲಿ. "ಈ ಊರಿನ ಹುಡುಗಿಯಾದ ಕಾರಣ ಹೇಳ್ತೇನೆ ಅಕ್ಕ, ಇದರಲ್ಲಿ ದೋಷ ಇಲ್ಲ."

ಲಕ್ಷ್ಮಣಫಲದ ಹಣ್ಣು, ಅದರ ಎಲೆಯ ಕಷಾಯ, ಅಮೃತಬಳ್ಳಿಯ ರಸ - ಇವುಗಳನ್ನು ತಂದುಕೊಡುವ ಹಿತೈಷಿಗಳೂ ಬಹಳ. ಇವುಗಳಿಂದ ಮನುಷ್ಯರ ಕ್ಯಾನ್ಸರು ಗುಣವಾದದ್ದಕ್ಕೆ ಆಧಾರವಿಲ್ಲ, ಕೆಲವು ಪಿತ್ತಜನಕಾಂಗಕ್ಕೆ ಹಾನಿ ಮಾಡುವುದೂ ಉಂಟು. ಕೊಡುವುದೇ ಆದರೆ ಡಾಕ್ಟರರಿಗೆ ಮುಚ್ಚಿಟ್ಟು ಕೊಡಬೇಡಿ. ಎಲೆ ಅಡಿಕೆ ಜಗಿಯುವ ಹಿರಿಯರಿಗೂ ಒಂದು ಮಾತು ಹೇಳಲೇಬೇಕು. ಅಡಿಕೆಯಿಂದಲೇ ಉಣ್ಣುವ ನಮ್ಮ ಊರಿನಲ್ಲಿ ಈ ಮಾತು ಯಾರಿಗೂ ರುಚಿಸದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು, ಹೊಗೆಸೊಪ್ಪಿಲ್ಲದಿದ್ದರೂ, ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬಾಯಿ ಹುಣ್ಣಾದ ರೋಗಿಗಂತೂ ಅದು ಕೂಡದು.

ವಾರ್ಡಿನ ಒಳಗೂ

ಮನೆಯವರಿಗೇ ಎಲ್ಲ ಬುದ್ಧಿ ಹೇಳಿ ಸಿಸ್ಟರ್ ಸುಮ್ಮನಾಗಲಿಲ್ಲ. ಹಾಸಿಗೆ ಪಕ್ಕದ ಲಾಕರಿನ ಮೇಲೆ ಅರ್ಧ ತಿಂದು ಮುಚ್ಚಿಟ್ಟ ಇಡ್ಲಿ, ಕತ್ತರಿಸಿದ ಸೇಬು, ನೊಣ - ಇದು ಎಲ್ಲ ವಾರ್ಡಿನ ನೋಟ. ಆಮೇಲೆ ತಿಂದಾರು ಎಂದು ಊಟವನ್ನು ರೋಗಿಯ ಬಳಿಯಲ್ಲೇ ಬಿಟ್ಟು ಹೋಗಬಾರದೆಂದು ಫ್ಲಾರೆನ್ಸ್ ನೈಟಿಂಗೇಲ್ ರೋಗಿಗಳ ಆರೈಕೆಯ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿ ಒಂದೂವರೆ ಶತಮಾನ ದಾಟಿತು. ಔಷಧ ಇಡುವ ಫ್ರಿಜ್ಜಿನಲ್ಲಿ ರೋಗಿಯ ಮಜ್ಜಿಗೆ, ಸಿಸ್ಟರುಗಳ ಟಿಫಿನ್ ಡಬ್ಬಿ ಇರುವುದನ್ನು ತಾನೇ ಕಂಡದ್ದುಂಟು, ತಾನೇ ಇಟ್ಟದ್ದೂ ಉಂಟು ಎಂದು ನಕ್ಕರು. ಈಗ ಅವರ ವಾರ್ಡಿನಲ್ಲಿ ಬಿಡುಗಡೆಯ ದಿನ ಅಡಿಗೆ ಮಾಡುವವರು ಯಾರೆಂದು ಮೊದಲು ಕೇಳಿ, ಅವರನ್ನೇ ಕೂರಿಸಿ ಮಾತಾಡುತ್ತಾರೆ. ಗಂಡಸರಿಗೆ ಹೇಳಿ ಕಳಿಸಿದರೆ ಅರ್ಧ ದಾರಿಯಲ್ಲಿ ಮರೆಯುತ್ತಾರೆಂಬುದು ಅವರ ಅನುಭವ (ನನ್ನದೂ!).

ಹಳ್ಳಿಯವರಿಗೆ ಇನ್ನೊಂದು ಆಸರೆಯಿದೆ. ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಕರೆಯುವ ಉಪಕೇಂದ್ರಗಳಲ್ಲಿ ಇರುವ ಸಮುದಾಯ ಆರೋಗ್ಯಾಧಿಕಾರಿಗಳಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರೇ. ಕೀಮೋ ಮುಗಿಸಿ ಬಂದವರ ಮನೆಗೆ ಒಂದು ಸಲ ಬಂದು ಬಾವಿ, ಒಲೆ, ನೀರಿನ ಕೊಡ ನೋಡಿ ಹೋಗಿ ಎಂದು ಅವರನ್ನು ಕರೆಯಲು ಸಂಕೋ​ಚ ಬೇಡ.

ಚಿಕ್ಕಮ್ಮನ ಗಂಜಿ

ತಂಬುಳಿ ಹೋಯಿತು, ತಂಗಳು ಹೋಯಿತು, ಬಾಯಿಗೆ ರುಚಿ ಏನು ಎಂದು ಚಿಕ್ಕಮ್ಮ ಮುನಿಸಿಕೊಂಡಾಗ ಸೊಸೆ ಕಂಡುಹಿಡಿದ ಗಂಜಿ ಇದು. ಅರ್ಧ ಲೋಟ ಕುಚ್ಚಲಕ್ಕಿಯನ್ನು ಮಿಕ್ಸಿಯಲ್ಲಿ ನುಚ್ಚು ಮಾಡಿಕೊಳ್ಳಿ. ಕಾಲು ಲೋಟ ಹೆಸರುಬೇಳೆಯನ್ನು ಘಮ್ಮೆನ್ನುವಷ್ಟು ಹುರಿಯಿರಿ. ಎರಡನ್ನೂ ತೊಳೆದು, ಐದು ಲೋಟ ನೀರು, ಕಾಲು ಚಮಚ ಜೀರಿಗೆ, ಜಜ್ಜಿದ ಶುಂಠಿಯ ಚಿಕ್ಕ ತುಂಡು ಹಾಕಿ ಕುಕ್ಕರಿನಲ್ಲಿ ಆರು ಸೀಟಿ ಕೂಗಿಸಿ. ಆಗ ತಾನೇ ಒಡೆದ ಕಾಯಿಯನ್ನು ತುರಿದು, ಕುದಿಸಿದ ನೀರು ಹಾಕಿ ಅರೆದು, ಅರ್ಧ ಲೋಟ ಹಾಲು ಹಿಂಡಿ. ಕುಕ್ಕರು ತೆರೆದು ಇದನ್ನು ಬೆರೆಸಿ, ಉಪ್ಪು ಹಾಕಿ, ಮೇಲಿಂದ ಕೆಳಗೆ ಕೈಯಾಡುತ್ತ ಒಂದು ಕುದಿ ಬರಿಸಿ ಇಳಿಸಿ. ಒಂದು ಚಮಚ ತುಪ್ಪ. ಬಾಯಿ ಹುಣ್ಣಿದ್ದರೆ ಶುಂಠಿ ಬಿಡಿ, ಬಟ್ಟಲಿಗೆ ಹಾಕಿ ಉಗುರುಬೆಚ್ಚಗಾದ ಕೂಡಲೇ ಕುಡಿಸಿ. ಇಬ್ಬರು ಉಣ್ಣುವಷ್ಟು ಆಗುತ್ತದೆ. ಉಳಿದದ್ದನ್ನು ಮನೆಯವರು ಆಗಲೇ ಮುಗಿಸಬೇಕು. ರಾತ್ರಿಗೆ ಬೇಕಾದರೆ ರಾತ್ರಿಯೇ ಮಾಡಬೇಕು. ಒಂದು ಸಲಕ್ಕೆ ಲೋಟ ಗಂಜಿಯೂ ಹೋಗದ ದಿನ ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ಕೊಡುವುದು, ಪ್ರತಿಸಲ ಹೊಸದಾಗಿ. ಇದಕ್ಕೆ ಕೈಯಾಳು ಬೇಕು, ಒಬ್ಬಳಿಂದ ಆಗುವ ಕೆಲಸವಲ್ಲ. ಬಂದ ನೆಂಟರಿಗೆ ಹಣ್ಣಿನ ಬದಲು ಇದನ್ನೇ ಕೇಳಿ - ಒಂದು ಹೊತ್ತು ಅಡಿಗೆಮನೆಯಲ್ಲಿ ನಿಂತು ಹೋಗಿ ಎಂದು.

ಕಡೆಯದಾಗಿ ಜ್ವರ. ಇಷ್ಟೆಲ್ಲ ಮಾಡಿಯೂ ಜ್ವರ ಬರಬಹುದು. ಥರ್ಮಾಮೀಟರು ಮನೆಯಲ್ಲಿರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಹಗಲೋ ರಾತ್ರಿಯೋ ನೋಡದೆ ಆಸ್ಪತ್ರೆಗೆ ಫೋನು ಮಾಡಿ ಹೊರಡಬೇಕು. ಡಾಕ್ಟರರನ್ನು ಕೇಳದೆ ಜ್ವರದ ಮಾತ್ರೆ ಕೊಡಬಾರದು. ಅದು ಜ್ವರವನ್ನು ಮುಚ್ಚಿಡುತ್ತದೆ, ಒಳಗಿನ ಸೋಂಕು ಹಾಗೆಯೇ ಬೆಳೆಯುತ್ತದೆ. ನಾವು ಕಳೆದುಕೊಂಡದ್ದು ಆ ಒಂದು ರಾತ್ರಿಯನ್ನು.

ಚಿಕ್ಕಮ್ಮನಿಗೆ ಈಗ ಐದನೆಯ ಕೀಮೋ ಆಗಿದೆ. ಸೊಸೆ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಏಳರಿಂದ ಹದಿನಾಲ್ಕರ ವರೆಗಿನ ದಿನಗಳಿಗೆ ಕೆಂಪು ಗೆರೆ ಎಳೆದಿದ್ದಾಳೆ. ಹೋದ ವಾರ ನಾನು ಹೋದಾಗ ಮಧ್ಯಾಹ್ನ ಮೂರು ಗಂಟೆ. ಬಟ್ಟಲು ಮುಂದಿಟ್ಟ ಕೂಡಲೇ ಚಿಕ್ಕಮ್ಮ ಕನ್ನಡಕ ಏರಿಸಿ ಕೇಳಿದರು: "ಇದು ಎಷ್ಟು ಗಂಟೆಗೆ ಇಳಿಸಿದ್ದು ಮಗಾ?"